ಸೋಪಿನ ಕಂಪನಿ ಕೊಟ್ಟ ಕಪ್

(ಶಿವಮೊಗ್ಗ ಮತ್ತು ಭದ್ರಾವತಿಯ ಫುಟ್‌ಬಾಲ್ ಆಸಕ್ತರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪೂರ್ಣಪಾಠ)



ಪತ್ರಿಕೆಯ ಕ್ರೀಡಾಪುಟದಲ್ಲಿ ‘ಸೌಹಾರ್ದ ಪಂದ್ಯ’ ಎಂಬ ಮಾತು ಕಂಡರೆ ಬಹಳ ಮಂದಿ ಆ ಸುದ್ದಿಯನ್ನು ಅರ್ಧಕ್ಕೇ ಬಿಟ್ಟು ಮುಂದಿನದಕ್ಕೆ ಹೋಗುತ್ತಾರೆ. ಅಲ್ಲಿ ಗೆದ್ದವರಿಗೆ ವಿಶ್ವಕಪ್‌ಗೆ ಪ್ರವೇಶ ಸಿಗುವುದಿಲ್ಲ. ಸೋತವರಿಗೂ ಅಂಥ ನಷ್ಟವೇನಿಲ್ಲ. ಕೈಕುಲುಕಿ, ಫೋಟೊ ತೆಗೆಸಿಕೊಂಡು, ಊಟ ಮಾಡಿ ಹೊರಡುವ ಆಟ ಅದು ಎಂಬ ಭಾವನೆ ಸಾಮಾನ್ಯ. ಹಾಗಿದ್ದರೆ ಆಫ್ರಿಕದ ಕೆಲವು ದೇಶಗಳು ಇಂಥದೊಂದು ಸೌಹಾರ್ದ ಟೂರ್ನಿಯನ್ನು 1926ರಿಂದ ಹೆಸರು ಬದಲಿಸುತ್ತಾ, ನಡುನಡುವೆ ನಿಲ್ಲಿಸುತ್ತಾ, ಮತ್ತೆ ಹಿಡಿಯುತ್ತಾ ಏಕೆ ಉಳಿಸಿಕೊಂಡು ಬಂದವು? ಯುದ್ಧ ನಡೆದ ವರ್ಷಗಳಲ್ಲೂ, ಗಡಿಗಳು ಮುಚ್ಚಿದ ವರ್ಷಗಳಲ್ಲೂ ಅದನ್ನು ಕೈಬಿಡದಿರಲು ಕಾರಣವೇನು?

ಇದಕ್ಕೆ ಉತ್ತರ ಹುಡುಕಲು ಪೂರ್ವ ಆಫ್ರಿಕದ ಕತೆಯನ್ನು ನೋಡಬೇಕು. ಅದು ದೂರದ ಕತೆ ಎನಿಸಬಹುದು. ಆದರೆ ಒಂದು ಕಾರ್ಖಾನೆಯ ಹೆಸರು, ಅದು ಕೊಟ್ಟ ಒಂದು ಬಹುಮಾನ, ಕಾರ್ಖಾನೆ ಹೋದ ಮೇಲೂ ಉಳಿದುಕೊಂಡ ಒಂದು ಆಟ - ಇವಿಷ್ಟೂ ಇರುವ ಈ ಕತೆ ಭದ್ರಾವತಿಯವರಿಗೆ ಬೇಗ ಅರ್ಥವಾಗುವಂಥದು.

ರೈಲು, ಸೋಪು, ಚೆಂಡು

ಹಿಂದೂ ಮಹಾಸಾಗರದ ದಂಡೆಯ ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರದವರೆಗೆ ಬ್ರಿಟಿಷರು 1896ರಲ್ಲಿ ರೈಲುಹಾದಿ ಹಾಕಲು ತೊಡಗಿದರು. 1901ರಲ್ಲಿ ಹಳಿ ಸರೋವರವನ್ನು ಮುಟ್ಟಿತು. ಅದಕ್ಕಾಗಿ ಭಾರತದಿಂದ ಸುಮಾರು 32 ಸಾವಿರ ಕೂಲಿಗಳನ್ನು ಹಡಗಿನಲ್ಲಿ ಕರೆದೊಯ್ಯಲಾಗಿತ್ತು. ಅವರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಕೆಲಸದ ಸ್ಥಳದಲ್ಲೇ ಸತ್ತರು. ರೈಲಿನ ಹಿಂದೆಯೇ ಅಂಗಡಿಗಳು, ಮಿಷನ್ ಶಾಲೆಗಳು, ಸೈನಿಕರ ಶಿಬಿರಗಳು ಬಂದವು. ಇವೆಲ್ಲದರ ಜತೆಗೆ ಫುಟ್‌ಬಾಲ್ ಕೂಡ ಬಂತು. ಬೇರೆ ಆಟಗಳಿಗೆ ಬೇಕಾಗುವ ಸಲಕರಣೆ ಇದಕ್ಕೆ ಬೇಡ. ಒಂದು ಚೆಂಡು, ಒಂದಿಷ್ಟು ಬಯಲು ಇದ್ದರೆ ಇಪ್ಪತ್ತೆರಡು ಜನರಿಗೆ ಸಂಜೆ ಕಳೆಯುತ್ತದೆ. ಆಫ್ರಿಕದವರು ಈ ಆಟವನ್ನು ಬೇಗ ತಮ್ಮದಾಗಿಸಿಕೊಂಡರು.

ಆಗ ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ವಿಡ್ನೆಸ್ ಎಂಬ ಊರಿನಲ್ಲಿ ವಿಲಿಯಂ ಗಾಸೇಜ್ ಅಂಡ್ ಸನ್ಸ್ ಎಂಬ ಸೋಪಿನ ಕಂಪನಿ ಇತ್ತು. ಅದರ ಸ್ಥಾಪಕ ವಿಲಿಯಂ ಗಾಸೇಜ್ ರಸಾಯನಶಾಸ್ತ್ರ ಬಲ್ಲವನು. ಸೋಡಾ ಕಾರ್ಖಾನೆಗಳು ಗಾಳಿಗೆ ಬಿಡುತ್ತಿದ್ದ ಆಮ್ಲದ ಹೊಗೆಯನ್ನು ನೀರಿನಲ್ಲಿ ಹಿಡಿದಿಡುವ ಗೋಪುರವನ್ನು 1836ರಲ್ಲಿ ರೂಪಿಸಿದವನು. ಮುಂದೆ ಸೋಪಿಗೆ ಸೋಡಿಯಂ ಸಿಲಿಕೇಟ್ ಬೆರೆಸಿ, ಬಡವರ ಕೈಗೂ ಎಟಕುವ ಬೆಲೆಯಲ್ಲಿ ಮಾರುವ ಮಾರ್ಗ ಕಂಡುಕೊಂಡ. 1877ರಲ್ಲಿ ಅವನು ತೀರಿಕೊಂಡ ಬಳಿಕವೂ ಕಂಪನಿ ಬೆಳೆಯಿತು. ಬ್ರಿಟಿಷ್ ವಸಾಹತುಗಳಲ್ಲಿ ಅದಕ್ಕೆ ದೊಡ್ಡ ಮಾರುಕಟ್ಟೆ ಇತ್ತು.

ಸೋಪು ಮಾರಾಟವಾಗಬೇಕಾದರೆ ಅದರ ಹೆಸರು ಜನರ ನಾಲಿಗೆಯ ಮೇಲಿರಬೇಕು. ಇದನ್ನು ಶಿವಮೊಗ್ಗದವರಿಗೆ ವಿವರಿಸಬೇಕಿಲ್ಲ. ಮೈಸೂರು ಸಂಸ್ಥಾನ 1916ರಲ್ಲಿ ಬೆಂಗಳೂರಿನಲ್ಲಿ ಸೋಪಿನ ಕಾರ್ಖಾನೆ ತೆರೆಯಿತು. 1944ರಲ್ಲಿ ಶಿವಮೊಗ್ಗದಲ್ಲೇ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. ಮಲೆನಾಡಿನ ಗಂಧದ ಹೆಸರು ಸೋಪಿನ ಪೆಟ್ಟಿಗೆಯ ಮೇಲೆ ಕೂತು ಎಲ್ಲೆಲ್ಲಿಗೋ ಹೋಯಿತು. ಗಾಸೇಜ್ ಕಂಪನಿ ಹಿಡಿದ ದಾರಿ ಬೇರೆ. ಅದು ಒಂದು ಫುಟ್‌ಬಾಲ್ ಕಪ್ ಕೊಟ್ಟಿತು. 1926ರಲ್ಲಿ ಕೆನ್ಯಾ ಮತ್ತು ಉಗಾಂಡ ತಂಡಗಳು ಅದಕ್ಕಾಗಿ ಮೊದಲ ಬಾರಿ ಸೆಣಸಿದವು. ಕೆನ್ಯಾ ಗೆದ್ದಿತು. ಆಟದ ಫಲಿತಾಂಶ ಕೇಳುವ ಪ್ರತಿಯೊಬ್ಬನ ಕಿವಿಗೂ ‘ಗಾಸೇಜ್ ಕಪ್’ ಎಂಬ ಎರಡು ಪದಗಳು ಬೀಳುವಂತಾಯಿತು. ಜಾಹೀರಾತಿಗೆ ಅದಕ್ಕಿಂತ ಅಗ್ಗದ ಉಪಾಯ ಇನ್ನೊಂದಿರಲಾರದು.

ಕೊಟ್ಟವರು ಯಾರು, ಇಟ್ಟುಕೊಂಡವರು ಯಾರು

ಹೀಗೆ ಕಪ್ ಕೊಟ್ಟವರು ಗಾಸೇಜ್ ಕಂಪನಿಯವರು ಮಾತ್ರವಲ್ಲ. ಪಶ್ಚಿಮ ಆಫ್ರಿಕದಲ್ಲಿ ನೈಜೀರಿಯ ಮತ್ತು ಅಂದಿನ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾ, 1951ರಿಂದ ‘ಜಾಲ್ಕೊ ಕಪ್’ಗಾಗಿ ಆಡಿದವು. ಅದನ್ನು ಕೊಟ್ಟದ್ದು ಮೋಟಾರು ಗಾಡಿಗಳ ವ್ಯಾಪಾರ ಮಾಡುವ ಕಂಪನಿ. ಭಾರತದಲ್ಲಿ ನೋಡಿದರೂ ಅದೇ. ಡ್ಯುರಾಂಡ್ ಕಪ್ 1888ರಲ್ಲಿ ಸಿಮ್ಲಾದಲ್ಲಿ ಆರಂಭವಾದಾಗ ಅದಕ್ಕೆ ಹೆಸರು ಬಂದದ್ದು ಬ್ರಿಟಿಷ್ ಅಧಿಕಾರಿ ಸರ್ ಮಾರ್ಟಿಮರ್ ಡ್ಯುರಾಂಡ್‌ನಿಂದ. ಸಂತೋಷ್ ಟ್ರೋಫಿಯ ಹೆಸರಿನಲ್ಲಿರುವ ‘ಸಂತೋಷ್’ ಮನಸ್ಸಿನ ಸಂತೋಷವಲ್ಲ. ಅದು ಇಂದಿನ ಬಾಂಗ್ಲಾದೇಶದಲ್ಲಿರುವ ಒಂದು ಜಮೀನ್ದಾರಿಯ ಹೆಸರು.

ಕಪ್ ಕೊಡುವವನು ಅಧಿಕಾರಿ, ಜಮೀನ್ದಾರ, ಇಲ್ಲವೇ ವ್ಯಾಪಾರಿ. ಅವನಿಗೆ ಅವನದೇ ಲೆಕ್ಕಾಚಾರ. ಆದರೆ ಮೈದಾನಕ್ಕಿಳಿದವರಿಗೆ ಆ ಲೆಕ್ಕಾಚಾರ ಬೇಕಿಲ್ಲ. ವಿಡ್ನೆಸ್‌ನ ಗಾಸೇಜ್ ಕಂಪನಿ ಕಪ್ ಆರಂಭವಾಗುವ ಮುಂಚೆಯೇ ಮೊದಲು ಬ್ರನ್ನರ್ ಮಾಂಡ್ ಕಂಪನಿಯ, ಆಮೇಲೆ ಲಿವರ್ ಬ್ರದರ್ಸ್‌ನ ಪಾಲಾಗಿತ್ತು. 1932ರ ಹೊತ್ತಿಗೆ ಅಲ್ಲಿ ಸೋಪು ತಯಾರಿಕೆಯೇ ನಿಂತುಹೋಯಿತು. ಕಾರ್ಖಾನೆಯ ಕಚೇರಿ ಕಟ್ಟಡದಲ್ಲಿ ಈಗ ರಸಾಯನ ಉದ್ಯಮದ ವಸ್ತುಸಂಗ್ರಹಾಲಯ ಇದೆ. ಸೋಜಿಗವೆಂದರೆ, ಕಾರ್ಖಾನೆ ಮುಚ್ಚಿದ ಮೇಲೂ ಗಾಸೇಜ್ ಕಪ್ ಮತ್ತೆ 34 ವರ್ಷ ನಡೆಯಿತು. 1966ರವರೆಗೂ ಆ ಹೆಸರಿನಲ್ಲೇ ಆಟ ಸಾಗಿತು. ನೈರೋಬಿಯಲ್ಲೋ ಕಂಪಾಲಾದಲ್ಲೋ ಕೂಗುತ್ತಿದ್ದ ಹುಡುಗರಿಗೆ ‘ಗಾಸೇಜ್’ ಎಂದರೆ ಸೋಪಲ್ಲ, ಫುಟ್‌ಬಾಲ್.

ಭದ್ರಾವತಿ ಈ ಮಾತನ್ನು ನಿಧಾನವಾಗಿ ಆಲೋಚಿಸಬೇಕು. ಬೆಂಕಿಪುರ ಎಂದಿದ್ದ ಊರು ಭದ್ರಾ ನದಿಯ ಹೆಸರಿನಿಂದ ಭದ್ರಾವತಿಯಾಯಿತು. 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಯಿತು, 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ನ್ಯೂಟೌನ್, ಪೇಪರ್ ಟೌನ್ ಎಂಬ ಬಡಾವಣೆಗಳ ಹೆಸರುಗಳೇ ಈ ಊರು ಹೇಗೆ ಹುಟ್ಟಿತೆಂದು ಹೇಳುತ್ತವೆ. ಇಂಥ ಊರಿನಲ್ಲಿ ಮನೆ ಕಾರ್ಖಾನೆಯದು, ಆಸ್ಪತ್ರೆ ಕಾರ್ಖಾನೆಯದು, ಆಡುವ ಮೈದಾನವೂ ಕಾರ್ಖಾನೆಯದು. ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳೇ ಕಳೆದವು. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಹೋರಾಟಕ್ಕಿಳಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಕೆಲಸ ಭಾಗಶಃ ಮತ್ತೆ ಆರಂಭವಾಯಿತು. ಕಾರ್ಖಾನೆ ಸೊರಗಿದರೆ ಊರಿನ ಆಟವೂ ಸೊರಗಲೇಬೇಕೇ ಎಂಬ ಪ್ರಶ್ನೆ ಇಲ್ಲಿ ಪುಸ್ತಕದ ಪ್ರಶ್ನೆಯಲ್ಲ. ಗುಂಡಪ್ಪ ವಿಶ್ವನಾಥ್ ಎನ್ನದೆ ಬರಿ ‘ವಿಶಿ’ ಎಂದರೆ ಸಾಕು ಎಂಬಷ್ಟು ಹೆಸರಾದ ಜಿ.ಆರ್. ವಿಶ್ವನಾಥ್ 1949ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಕಂಪನಿ ಕೊಟ್ಟದ್ದನ್ನು ಜನ ತಮ್ಮದಾಗಿಸಿಕೊಂಡರೆ ಕಂಪನಿಗಿಂತ ಅದರ ಆಯುಷ್ಯ ದೊಡ್ಡದು ಎಂಬುದಕ್ಕೆ ಗಾಸೇಜ್ ಕಪ್ ಒಂದು ಸಾಕ್ಷಿ.

ಭೂಪಟದಲ್ಲಿ ಇಲ್ಲದ ಹೆಸರುಗಳು

ಮೊದಲು ಇದ್ದದ್ದು ಎರಡೇ ತಂಡಗಳು. 1945ರಲ್ಲಿ ಟಾಂಗಾನಿಕಾ ಸೇರಿತು, 1949ರಲ್ಲಿ ಜಂಜಿಬಾರ್. ಈ ನಾಲ್ಕೂ ಬ್ರಿಟಿಷರ ಕೈಕೆಳಗೇ ಇದ್ದವು. ಆದರೆ ಒಂದೊಂದರ ಸ್ಥಾನಮಾನ ಒಂದೊಂದು ಬಗೆ. ಕೆನ್ಯಾ ವಸಾಹತು. ಉಗಾಂಡ ರಕ್ಷಿತ ಪ್ರದೇಶ. ಟಾಂಗಾನಿಕಾ ಮೊದಲ ಮಹಾಯುದ್ಧಕ್ಕೆ ಮುಂಚೆ ಜರ್ಮನರದಾಗಿದ್ದು ಬಳಿಕ ಬ್ರಿಟನ್ನಿನ ಉಸ್ತುವಾರಿಗೆ ಬಂದದ್ದು. ಜಂಜಿಬಾರಿನಲ್ಲಿ ಸುಲ್ತಾನನಿದ್ದ, ಅವನ ಮೇಲೆ ಬ್ರಿಟಿಷರಿದ್ದರು. ಕಾಗದಪತ್ರಗಳಲ್ಲಿ ಒಂದಕ್ಕೊಂದು ಸಮನಲ್ಲದ ಈ ನಾಲ್ಕು ನಾಡುಗಳು ಮೈದಾನದಲ್ಲಿ ಮಾತ್ರ ಹನ್ನೊಂದು ಮಂದಿಗೆ ಹನ್ನೊಂದು ಮಂದಿ. ಸ್ವತಂತ್ರ ದೇಶ ಎನಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಅಲ್ಲಿನ ಜನ ‘ಉಗಾಂಡ ಗೆದ್ದಿತು’, ‘ಕೆನ್ಯಾ ಸೋತಿತು’ ಎಂದು ಹೇಳುವುದನ್ನು ಕಲಿತರು. ಟಾಂಗಾನಿಕಾಗೆ 1961ರಲ್ಲಿ, ಉಗಾಂಡಕ್ಕೆ 1962ರಲ್ಲಿ, ಕೆನ್ಯಾ ಮತ್ತು ಜಂಜಿಬಾರಿಗೆ 1963ರಲ್ಲಿ ಸ್ವಾತಂತ್ರ್ಯ ಬಂತು. ಧ್ವಜಗಳು ಆಗ ಬಂದವು. ಹೆಸರು ಹಿಡಿದು ಕೂಗುವ ಅಭ್ಯಾಸ ಅದಕ್ಕಿಂತ ಹಳೆಯದು.

ಇದು ಕನ್ನಡ ನಾಡಿಗೂ ಹೊಸದಲ್ಲ. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ ಮೊದಲು ಗೆದ್ದದ್ದು 1946ರಲ್ಲಿ, ಬಂಗಾಳವನ್ನು ಸೋಲಿಸಿ. ಆಗ ಮೈಸೂರು ಎಂದರೆ ಒಡೆಯರ ಸಂಸ್ಥಾನ. ಬೆಂಗಳೂರಿನ ಫುಟ್‌ಬಾಲ್‌ನ ತವರಾದ ದಂಡುಪ್ರದೇಶವಂತೂ 1947ರವರೆಗೆ ನೇರವಾಗಿ ಬ್ರಿಟಿಷರ ಆಡಳಿತದಲ್ಲಿತ್ತು. 1952ರಲ್ಲಿ ಮತ್ತೆ ಗೆದ್ದಾಗ ಮೈಸೂರು ಸ್ವತಂತ್ರ ಭಾರತದ ಒಂದು ರಾಜ್ಯ. 1960ರ ದಶಕದ ಕೊನೆಯಲ್ಲಿ ಬೆನ್ನುಬೆನ್ನಿಗೆ ಎರಡು ಸಲ ಗೆದ್ದಾಗ ಅದೇ ‘ಮೈಸೂರು’ ಎಂಬ ಹೆಸರಿನೊಳಗೆ ಧಾರವಾಡ, ಕಲಬುರಗಿ, ಮಂಗಳೂರು, ಕೊಡಗು ಎಲ್ಲವೂ ಸೇರಿದ್ದವು. ತಂಡದ ಹೆಸರು ಒಂದೇ, ಭೂಪಟ ಮಾತ್ರ ಮೂರು ಬಾರಿ ಬೇರೆ. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ, 54 ವರ್ಷಗಳ ಬಳಿಕ, ಕರ್ನಾಟಕ ಎಂಬ ಹೆಸರಿನಲ್ಲಿ ಮೊದಲ ಸಲ ಆ ಟ್ರೋಫಿ ಬಂತು. ಭದ್ರಾವತಿ ಈ ಎಲ್ಲ ಭೂಪಟಗಳ ಒಳಗೂ ಇತ್ತು.

ಜಂಜಿಬಾರಿನ ಕತೆ ಇದಕ್ಕಿಂತ ಬಿಗಿಯಾದದ್ದು. 1964ರ ಏಪ್ರಿಲ್‌ನಲ್ಲಿ ಟಾಂಗಾನಿಕಾ ಮತ್ತು ಜಂಜಿಬಾರ್ ಒಂದಾಗಿ ಟಾಂಜಾನಿಯ ಎಂಬ ದೇಶವಾಯಿತು. ಜಂಜಿಬಾರಿಗೆ ಪ್ರತ್ಯೇಕ ಪಾಸ್‌ಪೋರ್ಟ್ ಉಳಿಯಲಿಲ್ಲ. ಅಂತರರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟ ಫಿಫಾದಲ್ಲಿ ಅದಕ್ಕೆ ಸದಸ್ಯತ್ವವಿಲ್ಲ. ಆದ್ದರಿಂದ ವಿಶ್ವಕಪ್‌ನ ಅರ್ಹತಾ ಪಂದ್ಯವನ್ನೂ ಅದು ಆಡುವಂತಿಲ್ಲ. 2017ರ ಮಾರ್ಚ್‌ನಲ್ಲಿ ಆಫ್ರಿಕ ಖಂಡದ ಫುಟ್‌ಬಾಲ್ ಒಕ್ಕೂಟ ಜಂಜಿಬಾರನ್ನು ಪೂರ್ಣ ಸದಸ್ಯನಾಗಿ ಸೇರಿಸಿಕೊಂಡಿತು. ನಾಲ್ಕೇ ತಿಂಗಳಲ್ಲಿ, ಒಂದು ದೇಶಕ್ಕೆ ಎರಡು ಸದಸ್ಯತ್ವ ಸಾಧ್ಯವಿಲ್ಲವೆಂದು ಅದನ್ನು ಹಿಂತೆಗೆದುಕೊಂಡಿತು. ಆದರೆ ಪೂರ್ವ ಆಫ್ರಿಕದ ಈ ಹಳೆಯ ಟೂರ್ನಿಯಲ್ಲಿ ಜಂಜಿಬಾರ್ ತನ್ನ ಹೆಸರಿನಲ್ಲೇ ಆಡುತ್ತದೆ. 1995ರಲ್ಲಿ ಅದು ಚಾಂಪಿಯನ್ ಆಯಿತು. ಸದಸ್ಯತ್ವ ಕಳೆದುಕೊಂಡ 2017ರ ಡಿಸೆಂಬರ್‌ನಲ್ಲೇ ಫೈನಲ್ ತಲುಪಿ, ಕೆನ್ಯಾದ ಎದುರು ಪೆನಾಲ್ಟಿಗಳಲ್ಲಿ ಸೋತಿತು. ದೊಡ್ಡ ಟೂರ್ನಿಗಳಲ್ಲಿ ಜಾಗವಿಲ್ಲದವರಿಗೆ ಸೌಹಾರ್ದ ಟೂರ್ನಿಯಲ್ಲಿ ಜಾಗ ಇರುತ್ತದೆ. ‘ಇದರಲ್ಲಿ ಏನು ಸಿಗುತ್ತದೆ’ ಎಂದು ಕೇಳುವವರಿಗೆ ಜಂಜಿಬಾರಿನವರು ಕೊಡಬಹುದಾದ ಉತ್ತರ ಇದು.

ಬರಿಗಾಲಿನ ಪ್ರವಾಸ

ಸೌಹಾರ್ದ ಪಂದ್ಯಗಳು ಆಳುವವರ ನೆಲದಲ್ಲೂ ನಡೆದವು. 1949ರಲ್ಲಿ ನೈಜೀರಿಯದ ತಂಡ ಇಂಗ್ಲೆಂಡಿಗೆ ಪ್ರವಾಸ ಹೋಯಿತು. 1951ರಲ್ಲಿ ಗೋಲ್ಡ್ ಕೋಸ್ಟ್, 1956ರಲ್ಲಿ ಉಗಾಂಡ ಹೋದವು. ಈ ತಂಡಗಳಲ್ಲಿ ಬರಿಗಾಲಿನಲ್ಲಿ ಆಡುವವರಿದ್ದರು. ಇಂಗ್ಲಿಷ್ ಪ್ರೇಕ್ಷಕರು ಮೊದಲು ನೋಡಿದ್ದು ಅವರ ಆಟವನ್ನಲ್ಲ, ಕಾಲನ್ನು.

ಅದೇ ನೋಟವನ್ನು ಭಾರತದ ತಂಡ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಎದುರಿಸಿತ್ತು. ಜುಲೈ 31ರಂದು ಫ್ರಾನ್ಸ್ ವಿರುದ್ಧ ಆಡಿದ ಭಾರತೀಯರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿದ್ದರು. ಎರಡು ಪೆನಾಲ್ಟಿಗಳು ವ್ಯರ್ಥವಾಗಿ ಭಾರತ 1-2ರಿಂದ ಸೋತಿತು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ 10-1ರಿಂದ ಸೋಲಿಸಿದಾಗ ಭಾರತದ ಏಕೈಕ ಗೋಲು ಹೊಡೆದವರೂ ಬೆಂಗಳೂರಿನವರೇ, ಅಹ್ಮದ್ ಖಾನ್. ಆ ಸೋಲಿನ ಬಳಿಕ ಭಾರತದಲ್ಲಿ ಬೂಟು ಕಡ್ಡಾಯವಾಯಿತು. ಬೂಟಿಲ್ಲ ಎಂಬ ಒಂದೇ ಕಾರಣಕ್ಕೆ ಭಾರತ 1950ರ ವಿಶ್ವಕಪ್‌ಗೆ ಹೋಗಲಿಲ್ಲ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಇತಿಹಾಸ ಬಲ್ಲವರು ಅದನ್ನು ಒಪ್ಪುವುದಿಲ್ಲ. ದೂರದ ಪ್ರಯಾಣ, ಸಿದ್ಧತೆಯ ಕೊರತೆ, ಒಲಿಂಪಿಕ್ಸೇ ದೊಡ್ಡದೆಂಬ ಆಗಿನ ಭಾವನೆ - ಇವನ್ನು ಅವರು ಮುಂದಿಡುತ್ತಾರೆ.

ಬರಿಗಾಲು ಬಡತನದ ಗುರುತು ಎಂದು ಸುಲಭವಾಗಿ ಹೇಳಿಬಿಡಬಹುದು. ಬೂಟು ಕೊಳ್ಳಲು ದುಡ್ಡಿಲ್ಲದವರೂ ಇದ್ದರು, ನಿಜ. ಆದರೆ ಚೆಂಡನ್ನು ಬೆರಳಿನಿಂದ ಮುಟ್ಟಿ ಹಿಡಿತ ಸಾಧಿಸಿದವರಿಗೆ ಬರಿಗಾಲೇ ಹಿತವಾಗಿತ್ತು. ಮಳೆ ಬಿದ್ದು ನೆಲ ಜಾರತೊಡಗಿದಾಗ ಮಾತ್ರ ಅದೇ ಕಾಲು ಕೈಕೊಡುತ್ತಿತ್ತು. ತಮ್ಮದೇ ಆಟ ಯಾವುದು, ಬದಲಾಗಬೇಕಾದದ್ದು ಯಾವುದು ಎಂಬುದನ್ನು ಆಫ್ರಿಕದವರೂ ಭಾರತೀಯರೂ ಕಲಿತದ್ದು ಇಂಥ ಪ್ರವಾಸಗಳಲ್ಲಿ. ಸೌಹಾರ್ದ ಪಂದ್ಯದ ಒಂದು ಪ್ರಯೋಜನವೇ ಅದು. ಸೋಲಿನ ಬೆಲೆ ಕಡಿಮೆ ಇರುವಲ್ಲಿ ಕಲಿಯುವುದು ಸುಲಭ.

ಸೌಹಾರ್ದಕ್ಕೂ ಒಂದು ಮೇರೆ

ಎಲ್ಲರೊಡನೆಯೂ ಆಡಬೇಕು ಎಂಬುದು ಸೌಹಾರ್ದದ ಅರ್ಥವಾದರೆ, ಆಫ್ರಿಕ ಅದಕ್ಕೆ ಒಂದು ಷರತ್ತು ಹಾಕಿತು. 1957ರ ಫೆಬ್ರುವರಿಯಲ್ಲಿ ಸೂಡಾನಿನ ಖಾರ್ಟೂಮ್‌ನಲ್ಲಿ ಆಫ್ರಿಕದ ಫುಟ್‌ಬಾಲ್ ಒಕ್ಕೂಟ ಸ್ಥಾಪನೆಯಾಯಿತು. ಅಲ್ಲಿಯೇ ಮೊದಲ ಆಫ್ರಿಕ ಕಪ್ ನಡೆಯಿತು. ಈಜಿಪ್ಟ್, ಸೂಡಾನ್, ಇಥಿಯೋಪಿಯ, ದಕ್ಷಿಣ ಆಫ್ರಿಕ ಎಂಬ ನಾಲ್ಕು ತಂಡಗಳು ಆಡಬೇಕಿತ್ತು. ಬಿಳಿಯರೂ ಕರಿಯರೂ ಕೂಡಿದ ತಂಡ ಕಳಿಸಲು ದಕ್ಷಿಣ ಆಫ್ರಿಕ ಒಪ್ಪಲಿಲ್ಲ. ಅದನ್ನು ಹೊರಗಿಟ್ಟು ಮೂರೇ ತಂಡಗಳಲ್ಲಿ ಟೂರ್ನಿ ಮುಗಿಯಿತು. ಈಜಿಪ್ಟ್ ಫೈನಲ್‌ನಲ್ಲಿ ಇಥಿಯೋಪಿಯವನ್ನು 4-0ಯಿಂದ ಸೋಲಿಸಿತು. ನಾಲ್ಕೂ ಗೋಲು ಅಲ್-ದಿಬಾ ಎಂಬ ಒಬ್ಬನೇ ಆಟಗಾರನವು. ದಕ್ಷಿಣ ಆಫ್ರಿಕ ಹಿಂದಿರುಗಲು ವರ್ಣಭೇದ ನೀತಿ ಕೊನೆಗಾಣಬೇಕಾಯಿತು. 1996ರಲ್ಲಿ ತನ್ನ ನೆಲದಲ್ಲಿ ಆಫ್ರಿಕ ಕಪ್ ಗೆದ್ದ ಅದರ ತಂಡದಲ್ಲಿ ಕರಿಯರೂ ಬಿಳಿಯರೂ ಇದ್ದರು. ನೆಲ್ಸನ್ ಮಂಡೇಲಾ ತಂಡದ ಅಂಗಿ ತೊಟ್ಟು ಕಪ್ ಕೊಟ್ಟರು.

ಇನ್ನೊಂದು ನಿದರ್ಶನ ಅಲ್ಜೀರಿಯದ್ದು. 1958ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಕ್ಲಬ್‌ಗಳಲ್ಲಿ ಆಡುತ್ತಿದ್ದ ಕೆಲವು ಅಲ್ಜೀರಿಯನ್ ಆಟಗಾರರು ಗುಟ್ಟಾಗಿ ದೇಶ ಬಿಟ್ಟು, ಟ್ಯುನೀಷಿಯದಲ್ಲಿ ಸ್ವಾತಂತ್ರ್ಯ ಹೋರಾಟದ ಪಕ್ಷವನ್ನು ಸೇರಿಕೊಂಡರು. ಅವರಲ್ಲಿ ರಶೀದ್ ಮೆಖ್ಲೂಫಿ ಮತ್ತು ಮುಸ್ತಫಾ ಜಿತೂನಿ, ಆ ವರ್ಷದ ವಿಶ್ವಕಪ್‌ನಲ್ಲಿ ಫ್ರಾನ್ಸ್ ಪರ ಆಡುವ ನಿರೀಕ್ಷೆ ಇದ್ದವರು. ಅಂಥ ಅವಕಾಶ ಬಿಟ್ಟು, ಇನ್ನೂ ಹುಟ್ಟದ ದೇಶದ ತಂಡಕ್ಕೆ ಸೇರಿದರು. ಅವರೊಡನೆ ಆಡಿದವರಿಗೆ ಶಿಕ್ಷೆಯಾದೀತೆಂಬ ಬೆದರಿಕೆ ಇತ್ತು. ಆದರೂ 1962ರಲ್ಲಿ ಸ್ವಾತಂತ್ರ್ಯ ಬರುವವರೆಗೆ ಅರಬ್ ದೇಶಗಳಲ್ಲಿ, ಪೂರ್ವ ಯೂರೋಪಿನಲ್ಲಿ, ಚೀನಾ ಮತ್ತು ವಿಯೆಟ್ನಾಂನಲ್ಲಿ ಹತ್ತಾರು ಪಂದ್ಯಗಳನ್ನು ಆಡಿದರು. ಅವೆಲ್ಲವೂ ಸೌಹಾರ್ದ ಪಂದ್ಯಗಳೇ. ಅಧಿಕೃತ ಪಂದ್ಯ ಆಡಲು ಅವರಿಗೆ ಹಕ್ಕೇ ಇರಲಿಲ್ಲ.

ಗಡಿ ಮುಚ್ಚಿತು, ಮೈದಾನ ತೆರೆದಿತ್ತು

ಪೂರ್ವ ಆಫ್ರಿಕಕ್ಕೆ ಮರಳೋಣ. 1967ರಲ್ಲಿ ಗಾಸೇಜ್ ಹೆಸರು ಹೋಗಿ ಟೂರ್ನಿಗೆ ಪೂರ್ವ ಮತ್ತು ಮಧ್ಯ ಆಫ್ರಿಕ ಚಾಲೆಂಜ್ ಕಪ್ ಎಂಬ ಹೆಸರು ಬಂತು. 1973ರಿಂದ ಅದು ಪ್ರಾದೇಶಿಕ ಒಕ್ಕೂಟದ ಹೆಸರಿನಲ್ಲಿ ‘ಸೆಕಾಫಾ ಕಪ್’ ಆಯಿತು. ಕೆನ್ಯಾ, ಉಗಾಂಡ, ಟಾಂಜಾನಿಯ ಸೇರಿ 1967ರಲ್ಲೇ ಪೂರ್ವ ಆಫ್ರಿಕ ಸಮುದಾಯ ಎಂಬ ಒಕ್ಕೂಟವನ್ನೂ ಕಟ್ಟಿಕೊಂಡಿದ್ದವು. ರೈಲು, ಅಂಚೆ, ವಿಮಾನ ಎಲ್ಲವೂ ಒಟ್ಟಾಗಿ ನಡೆಯಬೇಕೆಂಬ ಆಸೆ ಅದಕ್ಕೆ ಇತ್ತು.

ಆಸೆ ಕೈಗೂಡಲಿಲ್ಲ. 1971ರಲ್ಲಿ ಉಗಾಂಡದಲ್ಲಿ ಇದಿ ಅಮೀನ್ ಅಧಿಕಾರ ಕಿತ್ತುಕೊಂಡ. 1972ರಲ್ಲಿ ಏಷ್ಯನ್ನರಿಗೆ 90 ದಿನಗಳ ಗಡುವು ಕೊಟ್ಟು ದೇಶ ಬಿಡಿಸಿದ. ಪೂರ್ವ ಆಫ್ರಿಕದಲ್ಲೇ ಹುಟ್ಟಿ ಬೆಳೆದಿದ್ದ ಭಾರತೀಯ ಮೂಲದ ಸಾವಿರಾರು ಕುಟುಂಬಗಳು ರಾತ್ರೋರಾತ್ರಿ ನೆಲೆ ಕಳೆದುಕೊಂಡವು. 1977ರಲ್ಲಿ ಪೂರ್ವ ಆಫ್ರಿಕ ಸಮುದಾಯ ಒಡೆಯಿತು. ಕೆನ್ಯಾ ಮತ್ತು ಟಾಂಜಾನಿಯದ ನಡುವಿನ ಗಡಿ ಮುಚ್ಚಿತು. 1978ರ ಕೊನೆಯಲ್ಲಿ ಉಗಾಂಡ ಮತ್ತು ಟಾಂಜಾನಿಯ ಯುದ್ಧಕ್ಕಿಳಿದವು. 1979ರ ಏಪ್ರಿಲ್‌ನಲ್ಲಿ ಕಂಪಾಲಾ ಬಿದ್ದು ಅಮೀನ್ ಓಡಿಹೋದ.

ಒಕ್ಕೂಟ ಒಡೆದರೂ ಕಪ್ ಉಳಿಯಿತು ಎಂಬುದು ಗಮನಾರ್ಹ. 1981ರ ಟೂರ್ನಿಗೆ ಟಾಂಜಾನಿಯ ಆತಿಥ್ಯ ವಹಿಸಿತು. ಗಡಿ ಮುಚ್ಚಿಯೇ ಇತ್ತು. ಆದರೂ ಕೆನ್ಯಾದ ತಂಡ ಹೋಯಿತು, ಆಡಿತು, ಆತಿಥೇಯರನ್ನೇ ಫೈನಲ್‌ನಲ್ಲಿ ಸೋಲಿಸಿ ಕಪ್ ತಂದಿತು. ಮುಂದಿನ ಎರಡು ವರ್ಷವೂ ಕೆನ್ಯಾದ್ದೇ ಗೆಲುವು. ಗಡಿ ಮತ್ತೆ ತೆರೆದದ್ದು 1983ರ ನವೆಂಬರ್‌ನಲ್ಲಿ. ಲಾರಿಗಳಿಗೂ ವ್ಯಾಪಾರಿಗಳಿಗೂ ಇಲ್ಲದ ದಾರಿ ಆಟಗಾರರಿಗೆ ಇತ್ತು. ಆಟದಿಂದಾಗಿ ಗಡಿ ತೆರೆಯಿತು ಎಂದು ಹೇಳಿದರೆ ಅದು ಅತಿಶಯೋಕ್ತಿ. ರಾಜತಂತ್ರದ ಮಾತುಕತೆ ಬೇರೆಯೇ ನಡೆದಿತ್ತು. ಆದರೆ ಮಾತು ನಿಂತ ಮನೆಗಳ ಮಕ್ಕಳು ಬೀದಿಯಲ್ಲಿ ಜತೆಗೂಡಿ ಆಡುತ್ತಿದ್ದರೆ, ದೊಡ್ಡವರು ಮತ್ತೆ ಮಾತಾಡುವುದು ಅಷ್ಟು ಕಷ್ಟವಾಗುವುದಿಲ್ಲ. ಪೂರ್ವ ಆಫ್ರಿಕ ಸಮುದಾಯ 2000ದಲ್ಲಿ ಮತ್ತೆ ಜೀವ ಪಡೆಯಿತು. 2025ರ ಆಗಸ್ಟ್‌ನಲ್ಲಿ ಕೆನ್ಯಾ, ಉಗಾಂಡ, ಟಾಂಜಾನಿಯ ಮೂರೂ ಸೇರಿ ಆಫ್ರಿಕ ಖಂಡದ ಒಂದು ದೊಡ್ಡ ಟೂರ್ನಿಯನ್ನೇ ನಡೆಸಿಕೊಟ್ಟವು.

ಕಪ್‌ಗೆ ದುಡ್ಡು ಹಾಕುವವರೂ ಬದಲಾದರು. ಮೊದಲು ಸೋಪು ಇತ್ತಲ್ಲ, 2010ರ ಸುಮಾರಿಗೆ ಟೂರ್ನಿಯ ಹೆಸರಿಗೆ ಅಂಟಿಕೊಂಡದ್ದು ಕೆನ್ಯಾದ ಟಸ್ಕರ್ ಬಿಯರ್. ಪ್ರಶಸ್ತಿಯನ್ನು ಅತಿ ಹೆಚ್ಚು ಸಲ ಗೆದ್ದದ್ದು ಉಗಾಂಡ. 2019ರಲ್ಲೂ ಕಂಪಾಲಾದಲ್ಲಿ ಎರಿಟ್ರಿಯವನ್ನು ಸೋಲಿಸಿ ಅದೇ ಗೆದ್ದಿತು.

ಆಡಲು ಬಂದು ಮರೆಯಾದವರು

ಎರಿಟ್ರಿಯದ ಹೆಸರು ಬಂದ ಮೇಲೆ ಒಂದು ಕಹಿ ಮಾತನ್ನೂ ಹೇಳಬೇಕು. 1993ರಲ್ಲಿ ಸ್ವತಂತ್ರವಾದ ಈ ಪುಟ್ಟ ದೇಶದಲ್ಲಿ ಯುವಕರಿಗೆ ಕೊನೆಯಿಲ್ಲದ ಕಡ್ಡಾಯ ಸೇವೆ. ದೇಶ ಬಿಡಲು ಅನುಮತಿ ಸಿಗುವುದು ಅಪರೂಪ. ಫುಟ್‌ಬಾಲ್ ಆಟಗಾರರಿಗೆ ಮಾತ್ರ ಟೂರ್ನಿಯ ನೆಪದಲ್ಲಿ ಗಡಿ ದಾಟುವ ಅವಕಾಶ. 2009ರಲ್ಲಿ ಸೆಕಾಫಾ ಕಪ್ ಆಡಲು ನೈರೋಬಿಗೆ ಬಂದ ಎರಿಟ್ರಿಯ ತಂಡದ 12 ಆಟಗಾರರು ವಿಮಾನ ಹತ್ತಲಿಲ್ಲ. 2012ರಲ್ಲಿ ಕಂಪಾಲಾದಲ್ಲಿ 17 ಆಟಗಾರರೂ ತಂಡದ ವೈದ್ಯರೂ ಮರೆಯಾದರು. ಆಮೇಲೆ ಅವರು ಆಶ್ರಯ ಕೋರಿದರು.

ಪತ್ರಿಕೆಗಳಲ್ಲಿ ಇದು ತಮಾಷೆಯ ಸುದ್ದಿಯಂತೆ ಬಂದದ್ದುಂಟು. ಹಿಂದೆ ಉಳಿದ ಅಪ್ಪ ಅಮ್ಮಂದಿರ ಪಾಡು ನೆನೆದರೆ ತಮಾಷೆ ಉಳಿಯುವುದಿಲ್ಲ. ಏನೂ ಪಣಕ್ಕಿಲ್ಲದ ಆಟ ಎಂದು ಯಾರಾದರೂ ಸೌಹಾರ್ದ ಟೂರ್ನಿಯನ್ನು ಕರೆದರೆ ಆ ಹನ್ನೆರಡು ಮಂದಿಯನ್ನೂ ಹದಿನೇಳು ಮಂದಿಯನ್ನೂ ನೆನಪಿಸಿಕೊಳ್ಳಬಹುದು. ಪಂದ್ಯದ ಅಂಕಪಟ್ಟಿಯಲ್ಲಿ ಕಾಣದ ಪಣ ಅವರದು.

ಆಫ್ರಿಕ ಇಲ್ಲಿಗೂ ಬಂದಿದೆ

ಆಫ್ರಿಕದ ಫುಟ್‌ಬಾಲ್ ಭಾರತಕ್ಕೆ ಅಪರಿಚಿತವಲ್ಲ. ನೈಜೀರಿಯದಿಂದ ವಿದ್ಯಾರ್ಥಿಯಾಗಿ ಬಂದ ಚೀಮಾ ಒಕೋರಿ 1980ರ ದಶಕದಲ್ಲಿ ಕಲ್ಕತ್ತದ ಮೈದಾನಗಳಲ್ಲಿ ಮನೆಮಾತಾದರು. ಬೆಂಗಳೂರಿನಲ್ಲಿ 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತಂಡ ಮೊದಲ ವರ್ಷವೇ ಐ-ಲೀಗ್ ಗೆದ್ದಾಗ, 2016ರಲ್ಲಿ ಮತ್ತೆ ಗೆದ್ದಾಗ, ಅದರ ರಕ್ಷಣಾ ಸಾಲಿನಲ್ಲಿ ಕೆನ್ಯಾದ ಕರ್ಟಿಸ್ ಒಸಾನೊ ಇದ್ದರು. ಗಾಸೇಜ್ ಕಪ್ ಹುಟ್ಟಿದ ನಾಡಿನವರು ಕಂಠೀರವ ಕ್ರೀಡಾಂಗಣದಲ್ಲಿ ಕನ್ನಡಿಗರ ಚಪ್ಪಾಳೆ ಪಡೆದರು.

ರಾಷ್ಟ್ರೀಯ ತಂಡಗಳೂ ಬಂದಿವೆ. 2012ರ ಸೆಪ್ಟೆಂಬರ್ 2ರಂದು ದೆಹಲಿಯಲ್ಲಿ ನಡೆದ ನೆಹರೂ ಕಪ್ ಫೈನಲ್‌ನಲ್ಲಿ ಭಾರತ ಮತ್ತು ಕೆಮರೂನ್ 2-2ರಲ್ಲಿ ಸಮನಾಗಿ, ಭಾರತ ಪೆನಾಲ್ಟಿಗಳಲ್ಲಿ 5-4ರಿಂದ ಗೆದ್ದಿತು. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ಟೂರ್ನಿಗೆ ಕೆನ್ಯಾ ಬಂತು. ಅದರ ಮೊದಲ ಪಂದ್ಯದಲ್ಲಿ ಭಾರತ ಚೀನೀ ತೈಪೆಯನ್ನು 5-0ಯಿಂದ ಸೋಲಿಸಿದಾಗ ನೋಡಲು ಬಂದವರು 2,569 ಮಂದಿ. ನಾಯಕ ಸುನಿಲ್ ಛೇಟ್ರಿ, ಆಗ ಬೆಂಗಳೂರು ಎಫ್‌ಸಿಯ ನಾಯಕರೂ ಆಗಿದ್ದವರು, ‘ಬೈಯುವುದಕ್ಕಾದರೂ ಬನ್ನಿ’ ಎಂಬರ್ಥದಲ್ಲಿ ಜನರನ್ನು ಬೇಡಿಕೊಂಡರು. ಎರಡೇ ದಿನಗಳ ಮೇಲೆ ಕೆನ್ಯಾ ಎದುರಿನ ಪಂದ್ಯಕ್ಕೆ, ಅದು ಛೇಟ್ರಿಯವರ ನೂರನೇ ಪಂದ್ಯ, ಸುರಿವ ಮಳೆಯಲ್ಲೂ ಮೈದಾನ ತುಂಬಿತ್ತು. ಭಾರತ 3-0ಯಿಂದ ಗೆದ್ದಿತು. ಜೂನ್ 10ರ ಫೈನಲ್‌ನಲ್ಲಿ ಅದೇ ಕೆನ್ಯಾವನ್ನು 2-0ಯಿಂದ ಸೋಲಿಸಿತು. ಇದರಿಂದ ವಿಶ್ವಕಪ್ ಬಾಗಿಲು ತೆರೆಯಲಿಲ್ಲ. ಆದರೆ ಖಾಲಿ ಕುರ್ಚಿಗಳ ಎದುರು ಆಡಿ ಅಭ್ಯಾಸವಾಗಿದ್ದ ತಂಡಕ್ಕೆ ಜನ ತಮ್ಮನ್ನು ನೋಡುತ್ತಿದ್ದಾರೆ ಎಂಬುದು ಗೊತ್ತಾಯಿತು.

ಊರಿನ ಕೆಲಸ

ಇಷ್ಟೆಲ್ಲದರಿಂದ ತಿಳಿಯುವುದು ಒಂದೇ ಮಾತು. ಕಪ್ ಯಾರು ಕೊಟ್ಟರು ಎಂಬುದಕ್ಕಿಂತ, ಅದಕ್ಕಾಗಿ ಯಾರು ತಮ್ಮ ಹೆಸರಿನಲ್ಲಿ ಬಂದು ಆಡಲು ಸಾಧ್ಯವಾಯಿತು ಎಂಬುದು ಮುಖ್ಯ. ಸೋಪಿನ ಕಂಪನಿಗೆ ಬೇಕಿದ್ದದ್ದು ಗಿರಾಕಿಗಳು. ಪೂರ್ವ ಆಫ್ರಿಕದವರು ಅದೇ ಕಪ್‌ನಿಂದ ತಮ್ಮ ನಾಡಿನ ಹೆಸರನ್ನು ಪಡೆದುಕೊಂಡರು. ಕಂಪನಿ ಹೋಯಿತು, ಸಾಮ್ರಾಜ್ಯ ಹೋಯಿತು, ಒಕ್ಕೂಟ ಒಡೆದು ಮತ್ತೆ ಕೂಡಿತು. ಆಟಗಾರರು ಮಾತ್ರ ಕರೆದಾಗಲೆಲ್ಲ ಬಂದರು.

ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ಇರುವುದು ಹದಿನೆಂಟು ಇಪ್ಪತ್ತು ಕಿಲೊಮೀಟರ್ ಅಷ್ಟೆ. ಎರಡು ಊರುಗಳ ಶಾಲಾಕಾಲೇಜು ತಂಡಗಳು ವರ್ಷಕ್ಕೊಮ್ಮೆ ಇಲ್ಲೊಂದು ಸಲ, ಅಲ್ಲೊಂದು ಸಲ ಆಡಲು ದೊಡ್ಡ ಪ್ರಾಯೋಜಕರು ಬೇಕಿಲ್ಲ. ಬೇಕಾದದ್ದು ಕೆಡದ ಮೈದಾನ, ತಪ್ಪದ ದಿನಾಂಕ, ಮತ್ತು ಯಾರು ಆಡಿದರು, ಯಾರು ಗೆದ್ದರು ಎಂದು ಬರೆದಿಡುವ ಒಂದು ಪುಸ್ತಕ. ಪೂರ್ವ ಆಫ್ರಿಕದ ಟೂರ್ನಿಯ ಕತೆಯನ್ನು ಇಂದು ಹೇಳಲು ಸಾಧ್ಯವಾದದ್ದು ಅಲ್ಲಿ ಯಾರೋ 1926ರಿಂದ ಫಲಿತಾಂಶಗಳನ್ನು ಬರೆದಿಟ್ಟದ್ದರಿಂದ. ಕಾರ್ಖಾನೆಯ ತಂಡಗಳಲ್ಲಿ ಆಡಿದ ಹಿರಿಯರು ಈ ಊರುಗಳಲ್ಲಿ ಇನ್ನೂ ಇದ್ದಾರೆ. ಅವರ ಬಳಿ ಹಳೆಯ ಫೋಟೊಗಳಿರಬಹುದು, ಪದಕಗಳಿರಬಹುದು, ಯಾರು ಯಾವ ಸ್ಥಾನದಲ್ಲಿ ಆಡಿದರೆಂಬ ನೆನಪಂತೂ ಇರುತ್ತದೆ. ಅವರನ್ನು ಕೇಳಿ ಬರೆದಿಡುವ ಕೆಲಸವನ್ನು ಮುಂದಿನ ಟೂರ್ನಿಗೆ ಮೊದಲೇ ಆರಂಭಿಸಬಹುದು.